ಮೇಲಿನ ಮಹಡಿಗೆ ರಸ್ತೆ ಸದ್ದು ಮುಟ್ಟುವುದಿಲ್ಲವೇ? ಫ್ಲಾಟ್ ಕೊಳ್ಳುವ ಮುನ್ನ ಈ ಲೆಕ್ಕ ನೋಡಿ

"ಐದನೇ ಮಹಡಿ ತಗೊಳ್ಳಿ ಸಾರ್, ಧೂಳೂ ಇಲ್ಲ, ಸದ್ದೂ ಇಲ್ಲ." "ಮುಂದೆ ಮರ ಇದೆ, ಗಾಡಿ ಸದ್ದು ಒಳಗೆ ಬರಲ್ಲ." "ಹದಿನೈದು ದಿನ ಅಷ್ಟೆ, ಆಮೇಲೆ ಅಭ್ಯಾಸ ಆಗತ್ತೆ."

ಫ್ಲಾಟ್ ನೋಡಲು ಹೋದವರು ಇಂಥ ಮಾತುಗಳನ್ನು ಕೇಳಿಯೇ ಇರುತ್ತಾರೆ. ಆಮೇಲೆ ಇವೇ ಸಲಹೆಯಾಗಿ ಫ್ಯಾಮಿಲಿ ಗ್ರೂಪ್‌ಗಳಲ್ಲೂ ಓಡಾಡುತ್ತವೆ. ಇವುಗಳಲ್ಲಿ ಎಷ್ಟು ನಿಜ?

ತುಮಕೂರಿನ ಕ್ಯಾತ್ಸಂದ್ರವನ್ನೇ ನೋಡೋಣ. ತಟ್ಟೆ ಇಡ್ಲಿ ಹೋಟೆಲ್, ಅಂಗಡಿ, ಬಸ್, ರೈಲು ನಿಲ್ದಾಣ, ಹತ್ತಿರದಲ್ಲೇ ಸಿದ್ಧಗಂಗಾ ಮಠ. ಬೆಂಗಳೂರಿಗೆ ದಿನಾ ಓಡಾಡುವವರಿಗೂ ಅನುಕೂಲ. ಇಂಥ ಕಡೆ ಮನೆ ಬೇಕು ಅನ್ನಿಸುವುದು ಸಹಜ. ಆದರೆ ಇಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ, ಬೆಂಗಳೂರು–ತುಮಕೂರು ರೈಲು ಮಾರ್ಗವೂ ಇದೆ. ಲಾರಿ, ರೈಲುಗಳಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಅಡುಗೆಮನೆಯ ಟೈಲ್ಸ್ ಇಷ್ಟವಾಗದಿದ್ದರೆ ಬದಲಾಯಿಸಬಹುದು, ಹೆದ್ದಾರಿಯನ್ನು ಬದಲಾಯಿಸಲಾಗದು.

ಮೊದಲು ಡೆಸಿಬೆಲ್ ಎಂದರೇನು?

ಶಬ್ದವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಇದು ಕಿಲೋ, ಲೀಟರಿನಂತೆ ಸರಳವಾಗಿ ಏರುವ ಲೆಕ್ಕವಲ್ಲ. 3 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ. 10 ಹೆಚ್ಚಾದರೆ ಶಕ್ತಿ 10 ಪಟ್ಟು, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರು. ಹಾಗಾಗಿ 45ಕ್ಕೂ 55ಕ್ಕೂ "ಹತ್ತೇ ತಾನೆ" ಎನ್ನುವಂತಿಲ್ಲ.

ಭಾರತದ ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಇಲ್ಲಿ ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ.

ಮಾತು 1: ಮೇಲೆ ಹೋದಷ್ಟೂ ಸದ್ದು ಕಡಿಮೆ

ಸಾಮಾನ್ಯವಾಗಿ ತಪ್ಪು. ಕಟ್ಟಡ ಹೆದ್ದಾರಿಯಿಂದ 50 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಐದನೇ ಮಹಡಿ ನೆಲದಿಂದ 15 ಮೀಟರ್ ಮೇಲಿದೆ. ಅಲ್ಲಿಂದ ರಸ್ತೆಗೆ ನೇರ ಗೆರೆ ಎಳೆದರೆ ದೂರ ಸುಮಾರು 52 ಮೀಟರ್. ಅಂದರೆ ಐದು ಮಹಡಿ ಹತ್ತಿದರೂ ರಸ್ತೆಯಿಂದ ದೂರವಾದದ್ದು ಎರಡೇ ಮೀಟರ್! ಇದರಿಂದ ಕಡಿಮೆಯಾಗುವ ಸದ್ದು ಕಾಲು ಡೆಸಿಬೆಲ್‌ಗಿಂತಲೂ ಕಡಿಮೆ. ಕಿವಿಗೆ ಅದು ಗೊತ್ತೇ ಆಗುವುದಿಲ್ಲ.

ಎಷ್ಟೋ ಸಲ ಕೆಳಗಿನ ಮಹಡಿಯೇ ವಾಸಿ. ಕಾಂಪೌಂಡ್ ಗೋಡೆ, ಎದುರಿನ ಮನೆ, ಅಂಗಡಿ ಸಾಲು ರಸ್ತೆಯನ್ನು ಮರೆ ಮಾಡುತ್ತವೆ. ಗಾಡಿಗಳು ಕಣ್ಣಿಗೆ ಕಾಣದಂತೆ ಗಟ್ಟಿ ಗೋಡೆ ಅಡ್ಡ ಬಂದರೆ ಸುಮಾರು 5 ಡೆಸಿಬೆಲ್ ಕಡಿಮೆಯಾಗುತ್ತದೆ. ಮೇಲಿನ ಮಹಡಿಗೆ ಆ ಮರೆ ಸಿಗುವುದಿಲ್ಲ, ಅಲ್ಲಿಂದ ರಸ್ತೆಯ ಹೆಚ್ಚು ಉದ್ದ ಕಾಣುತ್ತದೆ. ನೆನಪಿಡಲು ಸುಲಭದ ಸೂತ್ರ: ಬಾಲ್ಕನಿಯಿಂದ ಹೆದ್ದಾರಿ ಚೆನ್ನಾಗಿ ಕಂಡರೆ, ಚೆನ್ನಾಗಿಯೇ ಕೇಳಿಸುತ್ತದೆ.

ಮಾತು 2: ಮರಗಳು ಸದ್ದು ತಡೆಯುತ್ತವೆ

ಒಂದು ಸಾಲು ಮರ ಸದ್ದು ತಡೆಯುವುದು ತೀರಾ ಅತ್ಯಲ್ಪ. 10 ಡೆಸಿಬೆಲ್ ಇಳಿಯಬೇಕಾದರೆ ಆಚೆ ಬದಿ ಕಾಣದಷ್ಟು ದಟ್ಟವಾದ ಗಿಡಮರ ಸುಮಾರು 60 ಮೀಟರ್ ಅಗಲಕ್ಕೆ ಬೇಕು. ಮರ ನೆರಳಿಗೆ, ತಂಪಿಗೆ, ಮನಸ್ಸಿಗೆ ಒಳ್ಳೆಯದು, ಖಂಡಿತ ಇರಲಿ. ಆದರೆ ಅದನ್ನು ಗೋಡೆ ಎಂದು ನಂಬಿ ಹಣ ಕೊಡಬೇಡಿ.

ಮಾತು 3: ಕಿಟಕಿ ಮುಚ್ಚಿದರೆ ಆಯಿತು

ಅರ್ಧ ನಿಜ. ಕಿಟಕಿ ತೆರೆದಿದ್ದರೆ ಹೊರಗಿನ ಸದ್ದು ಒಳಗೆ ಬರುವಾಗ 10ರಿಂದ 15 ಡೆಸಿಬೆಲ್ ಕಡಿಮೆಯಾಗುತ್ತದೆ, ಮುಚ್ಚಿದರೆ 20ಕ್ಕೂ ಹೆಚ್ಚು. ಆದರೆ ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಸಡಿಲವಾದ ಸ್ಲೈಡಿಂಗ್ ಕಿಟಕಿಗೆ ಎಷ್ಟು ದಪ್ಪ ಗಾಜು ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಅಂಚಿಗೆ ರಬ್ಬರ್ ಪಟ್ಟಿ ಇರುವ, ಬಾಗಿಲಿನಂತೆ ಒತ್ತಿ ಮುಚ್ಚುವ ಕಿಟಕಿ ಮೇಲು. ದಪ್ಪ ಪರದೆ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆಯೇ ಹೊರತು ಲಾರಿ ಸದ್ದನ್ನು ತಡೆಯುವುದಿಲ್ಲ. ಇನ್ನೊಂದು ಪ್ರಶ್ನೆ: ಏಪ್ರಿಲ್ ಸೆಕೆಯಲ್ಲಿ ಕಿಟಕಿ ಮುಚ್ಚಿ ಮಲಗುತ್ತೀರಾ?

ಮಾತು 4: ಅಭ್ಯಾಸ ಆಗಿಬಿಡುತ್ತದೆ

ಇದೇ ಹೆಚ್ಚು ಅಪಾಯದ ಮಾತು, ಏಕೆಂದರೆ ಇದರಲ್ಲಿ ಸ್ವಲ್ಪ ನಿಜವಿದೆ. ಕೆಲವು ವಾರಗಳಲ್ಲಿ ಮನಸ್ಸು ಸದ್ದನ್ನು ಲೆಕ್ಕಿಸುವುದನ್ನು ಬಿಡಬಹುದು, ಎಚ್ಚರವಾಗುವುದೂ ಕಡಿಮೆಯಾಗಬಹುದು. ದೇಹ ಮಾತ್ರ ಪೂರ್ತಿ ಒಗ್ಗಿಕೊಳ್ಳುವುದಿಲ್ಲ. ನಿದ್ದೆಯಲ್ಲಿದ್ದಾಗಲೂ ಹಾರ್ನ್ ಸದ್ದಿಗೆ ಎದೆಬಡಿತ, ರಕ್ತದೊತ್ತಡ ಕ್ಷಣಕಾಲ ಏರುತ್ತವೆ, ಗಾಢ ನಿದ್ದೆ ತುಂಡಾಗುತ್ತದೆ. ಬೆಳಗ್ಗೆ ನಮಗೆ ಅದು ನೆನಪಿರುವುದಿಲ್ಲ ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ದೇಶಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ವಾಹನಗಳ ಸದ್ದು ಮನೆಯ ಹೊರಗೆ ರಾತ್ರಿ ಸರಾಸರಿ 45 ಡೆಸಿಬೆಲ್‌ಗಿಂತ ಕಡಿಮೆ ಇರಬೇಕು ಎಂದಿದೆ. ಇಡೀ ದಿನದ ಸರಾಸರಿಗೆ ಹೇಳಿರುವ ಮಿತಿ 53. ಅದರಿಂದ ಮೇಲೆ ಪ್ರತಿ 10 ಡೆಸಿಬೆಲ್‌ಗೆ ಹೃದಯದ ರಕ್ತನಾಳದ ಕಾಯಿಲೆಯ ಸಾಧ್ಯತೆ ಸುಮಾರು ಶೇ. 8ರಷ್ಟು ಹೆಚ್ಚುತ್ತದೆ ಎಂಬುದು ಅದು ಕಂಡುಕೊಂಡ ಲೆಕ್ಕ. ಹೆದ್ದಾರಿ ಪಕ್ಕ ಇದ್ದವರಿಗೆಲ್ಲ ಹೃದಯಾಘಾತ ಎಂದು ಇದರರ್ಥವಲ್ಲ. ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆಯ ಪಾಲು ಇದಕ್ಕಿಂತ ದೊಡ್ಡದು. ಆದರೆ ಇಪ್ಪತ್ತು ವರ್ಷ ಸಾಲ ಕಟ್ಟುತ್ತ ಮಲಗುವ ಮನೆಯ ವಿಷಯದಲ್ಲಿ ಈ ಸಣ್ಣ ಅಪಾಯವೂ ಲೆಕ್ಕಕ್ಕೆ ಬರಬೇಕು. ಮನೆಯಲ್ಲಿ ವಯಸ್ಸಾದವರು, ಎಳೆ ಮಕ್ಕಳು, ರಾತ್ರಿ ಪಾಳಿಯವರು ಇದ್ದರಂತೂ ಇನ್ನೂ ಮುಖ್ಯ.

ಹಗಲು ಕೇಳದ ರೈಲು ರಾತ್ರಿ ಏಕೆ ಕೇಳುತ್ತದೆ?

ಇದು ಭ್ರಮೆಯಲ್ಲ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿ, ಆಗ ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ. ತಿಳಿಯಾದ ರಾತ್ರಿಯಲ್ಲಿ ನೆಲದ ಬಳಿ ತಂಪು, ಮೇಲೆ ಬೆಚ್ಚಗೆ. ಆಗ ಶಬ್ದ ಕೆಳಕ್ಕೆ ಬಾಗಿ ದೂರದವರೆಗೂ ತಲುಪುತ್ತದೆ. ಜೊತೆಗೆ ಊರಿನ ಬೇರೆ ಸದ್ದುಗಳೂ ಅಡಗಿರುತ್ತವೆ. ಭಾನುವಾರ ಹನ್ನೊಂದು ಗಂಟೆಗೆ ಫ್ಲಾಟ್ ನೋಡಿ "ಎಷ್ಟು ಶಾಂತವಾಗಿದೆ" ಎಂದವರು ಮೋಸ ಹೋಗುವುದು ಇಲ್ಲೇ.

ಅಡ್ವಾನ್ಸ್ ಕೊಡುವ ಮುನ್ನ

• ಮೂರು ಸಲ ಹೋಗಿ: ವಾರದ ದಿನ ಸಂಜೆ 7ಕ್ಕೆ, ರಾತ್ರಿ 11ರ ನಂತರ, ಬೆಳಗಿನ ಜಾವ 5ಕ್ಕೆ. ಪ್ರತಿ ಸಲವೂ ಮಲಗುವ ಕೋಣೆಯಲ್ಲಿ ಕಿಟಕಿ ತೆರೆದು ಹತ್ತು ನಿಮಿಷ, ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕೂರಿ. ಕಟ್ಟಡ ಇನ್ನೂ ಮುಗಿದಿಲ್ಲದಿದ್ದರೆ ಅಕ್ಕಪಕ್ಕದಲ್ಲಿ ವಾಸವಿರುವವರನ್ನು ಕೇಳಿ.

• ಮೊಬೈಲಿನ ಡೆಸಿಬೆಲ್ ಆ್ಯಪ್ ಬಳಸಬಹುದು. ಅದರ ಅಂಕಿ ಕರಾರುವಾಕ್ಕಲ್ಲ, ಆದರೆ ಒಂದೇ ಫೋನಿನಲ್ಲಿ ಎರಡು ಫ್ಲಾಟ್ ಹೋಲಿಸಲು ಸಾಕು.

• ಮಹಡಿಗಿಂತ ದಿಕ್ಕು ನೋಡಿ. ಕಟ್ಟಡವೇ ಮರೆಯಾಗುವುದರಿಂದ ರಸ್ತೆಗೆ ಬೆನ್ನು ಹಾಕಿದ ಬದಿಯಲ್ಲಿ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಕಡಿಮೆ ಇರಬಹುದು. ಹಾಲ್ ರಸ್ತೆ ಕಡೆಗಿರಲಿ, ಮಲಗುವ ಕೋಣೆ ಹಿಂದಕ್ಕಿರಲಿ.

• ಜನರೇಟರ್, ನೀರಿನ ಮೋಟಾರ್, ಲಿಫ್ಟ್ ಎಲ್ಲಿ ಬರುತ್ತವೆ ಎಂದು ನಕ್ಷೆಯಲ್ಲಿ ನೋಡಿ. ರೇರಾ ನೋಂದಣಿ ಇರುವ ಯೋಜನೆಯ ವಿವರಗಳನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಬಹುದು.

• ಪಕ್ಕದ ಖಾಲಿ ಜಾಗ ವಸತಿಗೋ ವಾಣಿಜ್ಯಕ್ಕೋ ಎಂದು ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿ. ನಾಳೆ ಅಲ್ಲಿ ಕಲ್ಯಾಣ ಮಂಟಪ ಬರಬಹುದು.

ಧ್ವನಿವರ್ಧಕದ ಸದ್ದಿಗೆ ಕಾನೂನಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಹಬ್ಬ, ಉತ್ಸವಕ್ಕೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಮಿತಿ ಮೀರಿದರೆ 112ಕ್ಕೆ ಕರೆ ಮಾಡಬಹುದು. ಆದರೆ ಹೆದ್ದಾರಿಯ ಲಾರಿ ಸಾಲಿನ ಮೇಲೆ ಯಾರಿಗೆ ದೂರು ಕೊಡುತ್ತೀರಿ?

ಕೊನೆಯದಾಗಿ: ಜನ, ಅಂಗಡಿ, ಬಸ್ಸು ಹತ್ತಿರವಿರುವ ಕಡೆ ಮನೆ ಕೊಳ್ಳುವುದು ತಪ್ಪಲ್ಲ. ನಡೆದೇ ತರಕಾರಿ ತರುವುದೂ ಆರೋಗ್ಯವೇ. ಅದೇ ಬೀದಿಯಲ್ಲಿ, ಅದೇ ಬೆಲೆಗೆ, ಹಿಂಬದಿಯ ಎರಡನೇ ಮಹಡಿ ರಸ್ತೆ ಬದಿಯ ಐದನೇ ಮಹಡಿಗಿಂತ ಒಳ್ಳೆಯ ನಿದ್ದೆ ಕೊಡಬಹುದು. ಫ್ಲಾಟ್ ಹುಡುಕುತ್ತಿರುವವರಿಗೆ ಇದನ್ನು ಕಳಿಸಿ, ಅವರು ಅಡ್ವಾನ್ಸ್ ಕೊಡುವ ಮುನ್ನ.