ಹಕ್ಕಿ ಮೊದಲು, ಚಿತ್ರ ನಂತರ

ಮಳೆಗಾಲ ಹಿಂದೆ ಸರಿದು ಗದ್ದೆಗಳಲ್ಲಿ ಭತ್ತ ತೆನೆಯೊಡೆಯುವ ಹೊತ್ತಿಗೆ ಮಲೆನಾಡಿನ ಹಳ್ಳಗಳ ಅಂಚಿಗೆ ಬೂದು ಸಿಪಿಲೆ ಬಂದಾಗಿರುತ್ತದೆ. ಬಾಲ ಕುಣಿಸುತ್ತ ಕಲ್ಲಿನಿಂದ ಕಲ್ಲಿಗೆ ಹಾರುವ ಈ ಜಾತಿಯ ಹಕ್ಕಿಗಳನ್ನು ಹಳ್ಳಿಗರು ಕುಂಡೆಕುಸ್ಕ ಎಂದು ಕರೆಯುತ್ತಾರೆ. ಅದರ ಹಿಂದೆಯೇ ಕಾಫಿ ತೋಟದ ನೆರಳಿಗೆ ಕಾಡು ಸಿಪಿಲೆ, ಬೇಲಿಗೂಟದ ಮೇಲೆ ಕಂದು ಕಳಿಂಗ, ಅಡಿಕೆ ತೋಟದ ತರಗೆಲೆಯ ಮೇಲೆ ನವರಂಗ, ಮರದ ತುದಿಯಲ್ಲಿ ಏಳೆಂಟು ಗ್ರಾಂ ತೂಕದ ಎಲೆ ಉಲಿಯಕ್ಕಿ ಕಾಣಿಸಿಕೊಳ್ಳುತ್ತವೆ. ಹಿಮಾಲಯದ ತಪ್ಪಲಿನಿಂದ, ಮಧ್ಯ ಏಷ್ಯಾದಿಂದ, ಸೈಬೀರಿಯಾದಿಂದ ಹೊರಟ ಜೀವಗಳಿಗೆ ಮಲೆನಾಡು ವರ್ಷದ ಅರ್ಧ ಭಾಗದ ಮನೆ.

ಈಚಿನ ವರ್ಷಗಳಲ್ಲಿ ಈ ಅತಿಥಿಗಳ ಬೆನ್ನಿಗೇ ಇನ್ನೊಂದು ಗುಂಪೂ ಬರತೊಡಗಿದೆ. ಅವರ ಹೆಗಲ ಮೇಲೆ ಉದ್ದನೆಯ ಲೆನ್ಸಿನ ಕ್ಯಾಮೆರಾ, ಕಿಸೆಯಲ್ಲಿ ಹಕ್ಕಿಗಳ ಕೂಗನ್ನು ತುಂಬಿಕೊಂಡ ಮೊಬೈಲ್. ಇವರಲ್ಲಿ ಬಹುಪಾಲು ಮಂದಿ ನಿಸರ್ಗವನ್ನು ನಿಜವಾಗಿ ಪ್ರೀತಿಸುವವರೇ. ಆದರೆ ಪ್ರೀತಿಯೊಂದೇ ಸಾಲದು. ಯಾವ ನಡತೆಯಿಂದ ಹಕ್ಕಿಗೆ ಏನಾಗುತ್ತದೆ ಎಂಬ ಅರಿವೂ ಬೇಕು.

ಫಿಲ್ಮ್ ಕಾಲದಲ್ಲಿ ಒಂದು ಸುರುಳಿಗೆ ಮೂವತ್ತಾರು ಚಿತ್ರಗಳ ಮಿತಿಯಿತ್ತು. ಆ ಮಿತಿಯೇ ಛಾಯಾಗ್ರಾಹಕನಿಗೆ ಕಾಯುವುದನ್ನು ಕಲಿಸುತ್ತಿತ್ತು. ಮೂಡಿಗೆರೆಯ ತಮ್ಮ ತೋಟದ ಸುತ್ತ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ತಲೆಮಾರು ಆ ಶಾಲೆಯಲ್ಲಿ ಪಳಗಿದ್ದು. ಡಿಜಿಟಲ್ ಕ್ಯಾಮೆರಾ ಆ ಮಿತಿಯನ್ನು ತೆಗೆದುಹಾಕಿತು. ಹಕ್ಕಿ ತಾನಾಗಿ ಹತ್ತಿರ ಬರುವವರೆಗೆ ಕಾಯುವ ಬದಲು ಅದನ್ನು ಕೂಗಿ ಕರೆಯುವ, ಆಮಿಷವೊಡ್ಡಿ ಕೂರಿಸುವ, ಪೊದೆಯಿಂದ ಎಬ್ಬಿಸಿ ಹಾರಿಸುವ ಅವಸರ ಬಂದಿತು.

ಗೂಡಿಲ್ಲದ, ಮರಿಗಳಿಲ್ಲದ ಕಾಲದಲ್ಲಿ ಇದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ಉತ್ತರ ಹಕ್ಕಿಯ ದಿನಚರಿಯಲ್ಲಿದೆ. ಎಲೆ ಉಲಿಯಕ್ಕಿ ಚಳಿಗಾಲದಲ್ಲಿಯೂ ಕೆಲವೇ ಮರಗಳ ತನ್ನದೇ ಗಡಿಯನ್ನು ಕಾಯುತ್ತದೆ. ಮರುವರ್ಷ ಅದೇ ಜಾಗಕ್ಕೆ ಮರಳುವುದೂ ಉಂಟು. ದಿನದ ಬಹುಪಾಲು ಅದು ಎಲೆಯಿಂದ ಎಲೆಗೆ ಹುಳು ಹುಡುಕುತ್ತಲೇ ಇರಬೇಕು. ಇಲ್ಲವಾದರೆ ಏಪ್ರಿಲ್ ವೇಳೆಗೆ ಮರುಪ್ರಯಾಣಕ್ಕೆ ಬೇಕಾದ ಕೊಬ್ಬು ಮೈಯಲ್ಲಿ ಸೇರದು. ಮೊಬೈಲಿನಿಂದ ತನ್ನ ಜಾತಿಯ ಕೂಗು ಕೇಳಿದರೆ ಅದಕ್ಕೆ ಅರ್ಥವಾಗುವುದು ಒಂದೇ: ಗಡಿಯೊಳಗೆ ಮತ್ತೊಂದು ಹಕ್ಕಿ ನುಗ್ಗಿದೆ. ಮೇವು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತ ಅಲೆಯುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬಂದು ಅದನ್ನೇ ಮಾಡಿದರೆ ಹೊಟ್ಟೆ ತುಂಬುವುದು ಯಾವಾಗ?

ಬಯಲುಸೀಮೆಯ ಕೆರೆಗಳಲ್ಲಿಯೂ ಇದೇ ಲೆಕ್ಕ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಯಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮನ್ನಣೆಯೂ ದೊರೆಯಿತು. ರೆಕ್ಕೆ ಬಿಚ್ಚಿದ ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸಿದರೆ, ಅವು ಆ ಹಾರಾಟದ ವೆಚ್ಚವನ್ನು ರೈತನ ಹೊಲದಲ್ಲಿಯೇ ಮೇದು ತುಂಬಿಕೊಳ್ಳಬೇಕು.

ಹಾಗೆಂದು ಕ್ಯಾಮೆರಾ ಶತ್ರುವಲ್ಲ. 1939-40ರ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯ ಕಾಲದಲ್ಲಿ ಸಲೀಂ ಅಲಿಯವರಂಥವರೂ ಹಕ್ಕಿಯನ್ನು ನಿಖರವಾಗಿ ಗುರುತಿಸಲು ಬಂದೂಕನ್ನು ಬಳಸಬೇಕಾಗಿತ್ತು. ಆ ಕೆಲಸವನ್ನು ಇಂದು ಒಂದು ಒಳ್ಳೆಯ ಚಿತ್ರ ಮಾಡಿಕೊಡುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ವಲಸೆ ಹೊರಟ ಅಮುರ್ ಡೇಗೆಗಳನ್ನು ಬಲೆ ಹಾಕಿ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದುದು ಹೊರಜಗತ್ತಿಗೆ ತಿಳಿದದ್ದು ಚಿತ್ರಗಳಿಂದಲೇ. ಅಲ್ಲಿನ ಹಳ್ಳಿಗಳ ಜನರೇ ಬೇಟೆ ನಿಲ್ಲಿಸುವ ತೀರ್ಮಾನಕ್ಕೆ ಬಂದರು. ಮರುವರ್ಷ ಆ ಹಕ್ಕಿಗಳು ನಿರಾತಂಕವಾಗಿ ದಾಟಿಹೋದವು. ಅಲ್ಲಿ ಕ್ಯಾಮೆರಾ ತಿರುಗಿದ್ದು ಹಕ್ಕಿಯ ಚೆಲುವಿನ ಕಡೆಗಲ್ಲ, ಬಲೆಯ ಕಡೆಗೆ ಎಂಬುದನ್ನು ಗಮನಿಸಬೇಕು.

ಮಲೆನಾಡಿನಲ್ಲಿಯೂ ಕ್ಯಾಮೆರಾಗಳು ತಿರುಗಬೇಕಾದ ಕಡೆಗಳು ಬೇಕಾದಷ್ಟಿವೆ. ಮಣ್ಣು ತುಂಬಿಸಿ ಅಡಿಕೆ ನೆಟ್ಟ ಗದ್ದೆ ಬಯಲು, ನಾನಾ ಜಾತಿಯ ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ಒಂದನ್ನೇ ನಿಲ್ಲಿಸಿದ ಕಾಫಿ ತೋಟ, ಕಳೆನಾಶಕಕ್ಕೆ ಸುಟ್ಟು ಕೆಂಪಾದ ಬದು, ಇವು ಯಾವ ಪ್ರದರ್ಶನದಲ್ಲಿಯೂ ಕಾಣುವುದಿಲ್ಲ. ಹುಳುವಿಲ್ಲದ ತೋಟದಲ್ಲಿ ಹುಳು ತಿನ್ನುವ ಹಕ್ಕಿ ನಿಲ್ಲದು. ಈ ಹಕ್ಕಿಗಳು ಬೆಳೆಗಾರನಿಂದ ಕೂಲಿ ಕೇಳದೆ ಕೀಟ ಹಿಡಿಯುವ ಕೆಲಸಗಾರರು ಎಂಬುದನ್ನು ಸ್ಪ್ರೇಯರ್ ಹೊತ್ತವರು ಮರೆತಿದ್ದಾರೆ. ಆದ್ದರಿಂದ ಪಟ್ಟಣದಿಂದ ಬಂದ ಛಾಯಾಗ್ರಾಹಕನನ್ನು ಮಾತ್ರ ದೂರಿ ಬೆಳೆಗಾರರು ಕೈ ತೊಳೆದುಕೊಳ್ಳುವಂತಿಲ್ಲ.

ಚಿತ್ರಕ್ಕಿಂತ ಹೆಚ್ಚು ಬಾಳುವುದು ದಾಖಲೆ. ಭಾರತದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ ರೂಪುಗೊಂಡದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಸಾಮಾನ್ಯ ವೀಕ್ಷಕರು ಬರೆದಿಟ್ಟ ಪಟ್ಟಿಗಳಿಂದ. ದೀರ್ಘಾವಧಿಯ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿವೆ ಎಂದು ಅದು ತಿಳಿಸಿತು. ಎಲ್ಲರೂ ಅಪರೂಪದ ಹಕ್ಕಿಯ ಹಿಂದೆಯೇ ಓಡಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ. ಬೂದು ಸಿಪಿಲೆ ಈ ವರ್ಷ ಹಳ್ಳಕ್ಕೆ ಬಂದ ದಿನ ಯಾವುದು, ಎಷ್ಟು ಬಂದವು, ಯಾವಾಗ ಹೋದವು ಎಂದು ಒಂದು ಶಾಲೆಯ ಮಕ್ಕಳು ಹತ್ತು ವರ್ಷ ಬರೆದಿಟ್ಟರೆ ಅದರ ಬೆಲೆ ಪ್ರಶಸ್ತಿ ಗೆದ್ದ ಚಿತ್ರಕ್ಕಿಂತ ಕಡಿಮೆಯೇನಲ್ಲ. ಅದಕ್ಕೆ ಬೇಕಾದದ್ದು ಒಂದು ದುರ್ಬೀನು, ಒಂದು ನೋಟ್ ಪುಸ್ತಕ, ಸ್ವಲ್ಪ ತಾಳ್ಮೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಪರಿಗಣಿಸುತ್ತದೆ. ಆದರೆ ಅಭಯಾರಣ್ಯದ ಹೊರಗೆ, ತೋಟ ಗದ್ದೆಗಳಲ್ಲಿ ಚಳಿಗಾಲ ಕಳೆಯುವ ಹಕ್ಕಿಯ ನೆಮ್ಮದಿಯನ್ನು ಕಾಯಲು ಇಲಾಖೆಯ ಕಾವಲುಗಾರ ಬರಲಾರ. ಅಲ್ಲಿನ ಕಾನೂನು ತೋಟದ ಯಜಮಾನನ ಬಾಯಲ್ಲಿರಬೇಕು. ಕೂಗು ಕೇಳಿಸಿ ಕರೆಯುವಂತಿಲ್ಲ, ಹುಳು ಚೆಲ್ಲಿ ಕೂರಿಸುವಂತಿಲ್ಲ, ದಣಿದು ಇಳಿದ ನವರಂಗವನ್ನು ಸುತ್ತುವರಿಯುವಂತಿಲ್ಲ, ಅಪರೂಪದ ಹಕ್ಕಿಯ ಜಾಗವನ್ನು ಬಯಲು ಮಾಡುವಂತಿಲ್ಲ ಎಂಬ ನಾಲ್ಕು ಮಾತನ್ನು ಪ್ರತಿ ಹೋಂಸ್ಟೇ ತನ್ನ ಬಾಗಿಲಲ್ಲಿ ಬರೆದು ಹಾಕಲಿ. ಒಪ್ಪದವರಿಂದ ಬರುವ ಬಾಡಿಗೆ ಬೇಡವೆನ್ನುವ ಧೈರ್ಯವೂ ಇರಲಿ.

ಸಾವಿರಾರು ಮೈಲಿ ಹಾರಿ ಬಂದ ಹಕ್ಕಿ ಕೇಳುವುದು ಒಂದಿಷ್ಟು ಹುಳು, ಒಂದಿಷ್ಟು ನೆರಳು, ಒಂದಿಷ್ಟು ಮೌನ. ಇಷ್ಟನ್ನು ಕೊಡಲಾರದ ಊರು, ತನ್ನ ಗೋಡೆಗೆ ಅದರ ಚಿತ್ರ ತೂಗುಹಾಕಿ ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ.