ಒಂದೇ ಉರುಳಿನ ಸಾವು

ಆಟದಲ್ಲಿ ಸಾವು ಇರಬೇಕೆ, ಇದ್ದರೆ ಹೇಗಿರಬೇಕು ಎಂಬ ಜಗಳ ಬೆಂಗಳೂರಿನ ತರುಣರ ಮೇಜಿನ ಸುತ್ತ ನಡೆಯುತ್ತಿದೆ. ಪೋತ್ನಾಳದಲ್ಲಿ ಕುಳಿತ ಕನ್ನಡ ಮೇಷ್ಟ್ರಿಗೆ ಅದರ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಊರಿಗೆ ಬಂದಾಗ ಆ ಆಟದ ಪುಸ್ತಕವನ್ನು ನನ್ನ ಕೈಗಿಟ್ಟು, ತಾನು ಎಂಟು ತಿಂಗಳು ಆಡಿಸಿದ ಪಾತ್ರ ಒಂದೇ ದಾಳದ ಉರುಳಿಗೆ ಸತ್ತಿತೆಂದೂ, ಅದೇ ನ್ಯಾಯವೆಂದು ಗೆಳೆಯರು ವಾದಿಸಿದರೆಂದೂ ಹೇಳಿದ. ಅದು ನ್ಯಾಯವಲ್ಲವೆಂಬುದು ನನ್ನ ಮತ. ಹಾಗೆಂದು ಸಾವೇ ಬೇಡವೆನ್ನುವವರ ಪಕ್ಷಕ್ಕೂ ನಾನು ಸೇರಿದವನಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ನಾಲ್ಕೈದು ಜನ ಕೂಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸಿ ಮಾತನಾಡುತ್ತಾರೆ. ಮಾಡಿದ್ದು ಫಲಿಸಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ತಾಳಮದ್ದಳೆಗೆ ದಾಳ ಕೊಟ್ಟಂತೆ ಎನ್ನಿ. ಹಳೆಯ ನಿಯಮಗಳಲ್ಲಿ ವಿಷ ತಗುಲಿದರೆ, ಕಲ್ಲಾಗಿಸುವ ದೃಷ್ಟಿ ಬಿದ್ದರೆ, ಒಮ್ಮೆ ದಾಳ ಉರುಳಿಸಬೇಕು. ತಪ್ಪಿತೋ, ಪಾತ್ರಕ್ಕೆ ಎಷ್ಟೇ ಪ್ರಾಣಬಲವಿರಲಿ, ಮುಗಿಯಿತು.

"ಬಾಳಿನಲ್ಲಿ ಸಾವು ಹೇಳಿ ಬರುತ್ತದೆಯೇ?" ಎಂಬುದು ಈ ನಿಯಮದ ವಕೀಲರ ದೊಡ್ಡ ಅಸ್ತ್ರ. ಬರುವುದಿಲ್ಲ, ನಿಜ. ನಮ್ಮ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ರಾತ್ರಿ ನೀರು ಕಟ್ಟಲು ಹೋದವನಿಗೆ ಹಾವು ಕಚ್ಚುವುದುಂಟು. ಅದನ್ನು ಯಾರೂ ಆಟವೆಂದು ಕರೆದಿಲ್ಲ. ಬಾಳಿನ ನಿಯಮಗಳನ್ನು ನಾವು ಕೂತು ಬರೆಯಲಿಲ್ಲ, ಆಟದ್ದನ್ನು ಬರೆದಿದ್ದೇವೆ. ಬರೆದವನು ಉತ್ತರ ಕೊಡಬೇಕಲ್ಲವೇ?

ಇಪ್ಪತ್ತೈದು ಮನೆಯ ಚೌಕಾಬಾರವನ್ನು ನೋಡಿ. ಅಲ್ಲಿಯೂ ಒಂದೇ ಏಟಿಗೆ ಕಾಯಿ ಸಾಯುತ್ತದೆ, ಅದೂ ನಿರ್ದಾಕ್ಷಿಣ್ಯವಾಗಿ. ಒಳಸುತ್ತಿಗೆ ಇನ್ನೇನು ಹೊಗಬೇಕು ಎನ್ನುವಾಗ ಕಡಿಸಿಕೊಂಡು ಮೊದಲ ಮನೆಗೆ ಬಂದ ಕಾಯಿಯ ದುಃಖ ಆಡಿದವರಿಗೇ ಗೊತ್ತು. ಆದರೆ ಕಡಿಯುವವನು ಕಣ್ಣೆದುರಿಗೇ ಇದ್ದಾನೆ. ಎಷ್ಟು ಮನೆ ಹಿಂದಿದ್ದಾನೆಂದು ಎಣಿಸಬಹುದು. ನಾಲ್ಕು ಕವಡೆಗಳು ಮೇಲೂ ಕೆಳಗೂ ಸಮನಾಗಿ ಬೀಳುವುದಾದರೆ, ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ, ಒಂದು ಮತ್ತು ಮೂರು ನಾಲ್ಕು ನಾಲ್ಕು ಸಲ, ಚೌಕ ಒಮ್ಮೆ, ಬಾರ ಒಮ್ಮೆ. ಈ ಲೆಕ್ಕವನ್ನು ಯಾವ ಶಾಲೆಯೂ ಕಲಿಸದ ಅಜ್ಜಿಯರು ಬಲ್ಲರು; ವೈರಿಯಿಂದ ಎರಡು ಮನೆ ಮುಂದೆ ಕಾಯಿ ನಿಲ್ಲಿಸುವ ಮೊಮ್ಮಗನ ತಲೆಗೆ ಮೊಟಕುತ್ತಾರೆ. ಗೀಟು ಹಾಕಿದ ಕಟ್ಟೆಯಲ್ಲಿ ಕೂತಿದ್ದರೆ ಭಯವಿಲ್ಲ. ಬಿಟ್ಟು ಹೊರಟೆ ಎಂದರೆ ತಿಳಿದೇ ಹೊರಟೆ. ಆ ಸಾವಿನಲ್ಲಿ ನನ್ನ ಪಾಲೂ ಇದೆ.

ಭಾರತದ ಕವಿಗಳಿಗೆ ಈ ಮರ್ಮ ಚೆನ್ನಾಗಿ ತಿಳಿದಿತ್ತು. ಕವಚಕುಂಡಲಗಳಿಗೆ ಬದಲಾಗಿ ಇಂದ್ರನಿಂದ ಕರ್ಣ ಪಡೆದ ಶಕ್ತ್ಯಾಯುಧ ತಪ್ಪದೆ ಕೊಲ್ಲುವಂಥದು, ಆದರೆ ಒಮ್ಮೆ ಮಾತ್ರ. ಅದು ಯಾರಿಗಾಗಿ ಕಾದಿದೆಯೆಂದು ಕೃಷ್ಣ ಬಲ್ಲ, ಕೇಳುವ ನಾವೂ ಬಲ್ಲೆವು. ಅದಕ್ಕೇ ಅರ್ಜುನನನ್ನು ಕರ್ಣನೆದುರು ತರದೆ, ರಾತ್ರಿಯುದ್ಧಕ್ಕೆ ಘಟೋತ್ಕಚನನ್ನು ಕಳಿಸುತ್ತಾನೆ. ಕೌರವರ ಸೇನೆ ಕುಸಿಯುವಾಗ ಕರ್ಣ ಬೇರೆ ದಾರಿ ಕಾಣದೆ ಅದನ್ನು ಎಸೆಯುತ್ತಾನೆ. ತಿಳಿಯದೆ ಬಂದ ಬಾಣವೊಂದು ಘಟೋತ್ಕಚನನ್ನು ಕೊಂದಿದ್ದರೆ ಅದೊಂದು ಸುದ್ದಿ, ಅಷ್ಟೆ. ಭಸ್ಮಾಸುರನ ಕೈಯೂ ಹಾಗೆಯೇ: ತಲೆ ಮುಟ್ಟಿದರೆ ಬೂದಿ ಎಂದು ಎಲ್ಲರಿಗೂ ಗೊತ್ತಿದ್ದುದರಿಂದಲೇ ಮೋಹಿನಿಗೆ ಕುಣಿಸಲು ಎಡೆ ಸಿಕ್ಕಿತು.

ಇದೇ ಒರೆಗಲ್ಲಿಗೆ ಹಚ್ಚಿದರೆ ಒಂದು ವಿಚಿತ್ರ ಕಾಣುತ್ತದೆ. 1975ರ ಒಂದು ಪಂದ್ಯಕ್ಕೆಂದು ಗೈಗ್ಯಾಕ್ಸ್ ರಚಿಸಿದ 'ಟೂಂಬ್ ಆಫ್ ಹಾರರ್ಸ್' ಎಂಬ ಗೋರಿ ಕ್ರೌರ್ಯಕ್ಕೆ ಹೆಸರಾದದ್ದು. ಅಲ್ಲಿ ಗೋಡೆಯಲ್ಲೊಂದು ಹಸಿರು ಪಿಶಾಚಿಯ ಮುಖ. ಅದರ ತೆರೆದ ಬಾಯಿ ಹೊಕ್ಕವನು ಇಲ್ಲವಾದ, ದಾಳ ಉರುಳಿಸುವ ಅವಕಾಶವೂ ಇಲ್ಲ. ಎಲ್ಲರೂ ಬಯ್ಯುವ ಈ ಬಾಯಿಯನ್ನು ನಾನು ಕ್ಷಮಿಸಬಲ್ಲೆ. ಕೋಲೊಂದನ್ನು ತೂರಿ ನೋಡಿದರೆ ಕೋಲು ಮಾಯವಾಗುತ್ತದೆ. ನೋಡದೆ ನುಗ್ಗಿದವನಿಗೆ ಏನು ಹೇಳೋಣ? ಪೆಟ್ಟಿಗೆಯ ಬೀಗದಲ್ಲಿ ಅಡಗಿದ ಸಣ್ಣ ವಿಷದ ಸೂಜಿಯನ್ನು ಮಾತ್ರ ಕ್ಷಮಿಸಲಾರೆ. ನನ್ನ ವಿದ್ಯಾರ್ಥಿಯ ಪಾತ್ರವನ್ನು ಕೊಂದದ್ದು ಅಂಥದೇ.

ಇನ್ನು ಎದುರು ಪಕ್ಷ. 2008ರ ನಾಲ್ಕನೆಯ ಆವೃತ್ತಿಯಲ್ಲಿ ಈ ಒಂದೇ ಉರುಳಿನ ಸಾವನ್ನು ಬಹುಮಟ್ಟಿಗೆ ತೆಗೆದರು. 2014ರ ಆವೃತ್ತಿಯಲ್ಲಿ ಪ್ರಾಣಬಲ ಸೊನ್ನೆಗಿಳಿದವನು ಸರದಿ ಬಂದಾಗಲೆಲ್ಲ ದಾಳ ಉರುಳಿಸುತ್ತಾನೆ. ಹತ್ತು ಅಥವಾ ಮೇಲೆ ಮೂರು ಸಲ ಬಿದ್ದರೆ ಉಳಿದ, ಕೆಳಗೆ ಮೂರು ಸಲ ಬಿದ್ದರೆ ಸತ್ತ. ಗೆಳೆಯನು ಓಡಿಬಂದು ಎತ್ತಲು ಸಮಯ ಸಿಗುತ್ತದೆ, ಒಳ್ಳೆಯದೇ. ಆದರೆ ಇದರಿಂದಲೂ ತೃಪ್ತರಾಗದೆ, ಪಾತ್ರ ಸಾಯಲೇಬಾರದೆನ್ನುವವರು ಹುಟ್ಟಿಕೊಂಡಿದ್ದಾರೆ. ಕಡಿಯುವುದನ್ನು ಬಿಟ್ಟು ಚೌಕಾಬಾರ ಆಡಿ ನೋಡಿ: ಅರ್ಧ ಗಂಟೆಯಲ್ಲಿ ಮಕ್ಕಳೇ ಎದ್ದು ಹೋಗುತ್ತಾರೆ.

ಕಥೆ ನಡೆಸುವವನನ್ನು ನಾನು ಕೇಳುವುದು ಇಷ್ಟೆ: ಕಲ್ಲಾಗಿಸುವ ದೃಷ್ಟಿಯವಳನ್ನು ಗುಹೆಯೊಳಗೆ ಇಡು, ಬೇಡವೆನ್ನುವುದಿಲ್ಲ; ಗುಹೆಯ ಬಾಗಿಲಲ್ಲಿ, ಓಡುತ್ತ ಹಿಂತಿರುಗಿ ನೋಡಿದ ಭಂಗಿಯಲ್ಲೇ ನಿಂತ ನಾಲ್ಕು ಕಲ್ಲಿನ ಮನುಷ್ಯರನ್ನೂ ಇಡು.