ಸುಂಕದವನು ಕಿವಿಗೊಟ್ಟ ಆ ಕೆಲವು ವಾರ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಅಮೆರಿಕದಲ್ಲಿ ಕಾರು ಓಡಿಸುವ ನಮಗೆಲ್ಲ ಆ ಸುಂಕದವನ ಪರಿಚಯವೂ ಇದೆ. ‘ಮಗು ಅಳುತ್ತಿತ್ತು, ಐದೇ ನಿಮಿಷ ತಡವಾಯ್ತು’ ಎಂದು ಎಷ್ಟು ಹೇಳಿದರೂ ವೈಪರ್ ಕೆಳಗೆ ಸಿಕ್ಕಿಸಿದ ಚೀಟಿಗೆ ಕಿವಿಯಿಲ್ಲ. ಆದರೆ 2020ರ ವಸಂತದಲ್ಲಿ ಕೆಲವು ವಾರಗಳ ಮಟ್ಟಿಗೆ ಆ ಸುಂಕದವನೂ ಕಿವಿಗೊಟ್ಟ. ಈ ಸಲದ ಅಂಕಣ ಅದರ ಬಗ್ಗೆ, ಮತ್ತು ಅದನ್ನು ಮಕ್ಕಳ ಜೊತೆ ಕನ್ನಡದಲ್ಲಿ ಹೇಗೆ ಮಾತಾಡಬಹುದು ಎಂಬುದರ ಬಗ್ಗೆ.

ಇಲಿನಾಯ್‌ನಲ್ಲಿ ‘ಮನೆಯಲ್ಲೇ ಇರಿ’ ಎಂಬ ಆದೇಶ ಜಾರಿಗೆ ಬಂದದ್ದು 2020ರ ಮಾರ್ಚ್ 21ರಂದು. ಮಿಶಿಗನ್‌ನಲ್ಲಿ ಮಾರ್ಚ್ 24ರಂದು. ಭಾರತದ ಲಾಕ್‌ಡೌನ್ ಘೋಷಣೆಯಾದದ್ದೂ ಅದೇ 24ರ ರಾತ್ರಿ. ಊರಲ್ಲಿ ಅಜ್ಜ ಅಜ್ಜಿ, ಇಲ್ಲಿ ನಾವು, ಎಲ್ಲರೂ ಒಂದೇ ವಾರದಲ್ಲಿ ಒಳಗೆ ಸೇರಿಕೊಂಡೆವು. ಅದಕ್ಕೆ ಕೆಲವೇ ದಿನ ಮುಂಚೆ, ಮಾರ್ಚ್ 18ರಂದು, ಶಿಕಾಗೋದ ಆಗಿನ ಮೇಯರ್ ಲೋರಿ ಲೈಟ್‌ಫುಟ್ ಒಂದು ಘೋಷಣೆ ಮಾಡಿದರು: ಏಪ್ರಿಲ್ 30ರವರೆಗೆ ಚೀಟಿ ಬರೆಯುವುದು, ಗಾಡಿ ಎಳೆದೊಯ್ಯುವುದು ಸಾರ್ವಜನಿಕ ಸುರಕ್ಷತೆಗೆ ಸಂಬಂಧಪಟ್ಟಿದ್ದರೆ ಮಾತ್ರ. ಶಿಕಾಗೋ, ಡೆಟ್ರಾಯಿಟ್ ಸುತ್ತಲಿನ ಹಲವು ಉಪನಗರಗಳೂ ತಮ್ಮ ಡೌನ್‌ಟೌನ್‌ಗಳಲ್ಲಿ ಮೀಟರ್ ತಪಾಸಣೆಯನ್ನು ಸಡಿಲಿಸಿದವು. ಬೆಂಕಿ ನಂದಿಸುವ ನಲ್ಲಿಯ ಮುಂದೆ, ಅಂಗವಿಕಲರ ಜಾಗದಲ್ಲಿ ನಿಲ್ಲಿಸಿದರೆ ಮಾತ್ರ ಮೊದಲಿನಂತೆಯೇ ದಂಡ.

ಇದು ಬರೀ ಕನಿಕರವಲ್ಲ, ಅದರ ಹಿಂದೆ ತರ್ಕವೂ ಇತ್ತು. ಪಾರ್ಕಿಂಗ್ ಮೀಟರ್ ಮೊದಲು ಬಂದದ್ದು ಒಕ್ಲಹೋಮ ಸಿಟಿಯಲ್ಲಿ, 1935ರ ಜುಲೈನಲ್ಲಿ. ಅಂಗಡಿ ಬೀದಿಯಲ್ಲಿ ಬೆಳಗ್ಗೆ ನಿಲ್ಲಿಸಿದ ಕಾರು ಸಂಜೆವರೆಗೂ ಕದಲದೆ ಗಿರಾಕಿಗಳಿಗೆ ಜಾಗವೇ ಸಿಗುತ್ತಿರಲಿಲ್ಲ. ಗಂಟೆಗೆ ಐದು ಸೆಂಟ್ ಇಟ್ಟಾಗ ಕಾರುಗಳು ಕದಲತೊಡಗಿದವು. ಜಾಗ ಒಬ್ಬರಿಂದೊಬ್ಬರಿಗೆ ಕೈ ಬದಲಾಗಬೇಕು, ಅದೇ ಮೀಟರಿನ ಉದ್ದೇಶ. ಡಾನಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು 2005ರಲ್ಲಿ ಪಾರ್ಕಿಂಗ್ ಬಗ್ಗೆಯೇ ದೊಡ್ಡ ಪುಸ್ತಕ ಬರೆದು ಹೇಳಿದ್ದೂ ಅದನ್ನೇ: ಯಾವ ಹೊತ್ತಿಗೂ ಬೀದಿಗೆ ಒಂದೆರಡು ಜಾಗ ಖಾಲಿ ಉಳಿಯುವಷ್ಟು ದರ ಇರಲಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅಂಗಡಿಗಳೇ ಮುಚ್ಚಿ ಬೀದಿಯೇ ಖಾಲಿಯಾದ ಮೇಲೆ ಯಾರಿಗಾಗಿ ಜಾಗ ಬಿಡಿಸುವುದು? ಮನೆಯಲ್ಲೇ ಇರಿ ಎಂದವರೇ, ಕಾರು ಯಾಕೆ ಕದಲಿಸಲಿಲ್ಲ ಎಂದು ದಂಡ ಹಾಕುವುದಾದರೂ ಹೇಗೆ?

ಶಿಕಾಗೋ ನಗರದ ಕತೆ ಮಾತ್ರ ಸ್ವಲ್ಪ ಬೇರೆ. 2008ರಲ್ಲಿ ಅದು ತನ್ನ ಸುಮಾರು 36,000 ಮೀಟರ್‌ಗಳನ್ನು ಒಂದು ಖಾಸಗಿ ಕಂಪನಿಗೆ 75 ವರ್ಷದ ಗುತ್ತಿಗೆಗೆ ಕೊಟ್ಟು, ಸುಮಾರು 115 ಕೋಟಿ ಡಾಲರ್ ಒಟ್ಟಿಗೇ ಪಡೆಯಿತು. ಒಪ್ಪಂದದ ಪ್ರಕಾರ ನಗರ ಒಂದು ಮೀಟರನ್ನು ಬಳಕೆಯಿಂದ ತೆಗೆದರೂ ಕಂಪನಿಗೆ ನಷ್ಟ ತುಂಬಿಕೊಡಬೇಕು. ಮೀಟರ್ ತನ್ನದೇ ಆಗಿರುವ ಪುಟ್ಟ ಉಪನಗರ ಒಂದು ಸಂಜೆಯಲ್ಲಿ ‘ಈ ತಿಂಗಳು ಬೇಡ’ ಎಂದು ತೀರ್ಮಾನಿಸಬಹುದು. ಇಷ್ಟು ದೊಡ್ಡ ನಗರಕ್ಕೆ ಅಷ್ಟು ಸಲೀಸಿಲ್ಲ. ‘ಗುತ್ತಿಗೆ’ ಎಂಬ ಪದವನ್ನು ಹೈಸ್ಕೂಲಿನ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಗುತ್ತಿಗೆ ಮುಗಿಯುವುದು 2083ರಲ್ಲಿ. ‘ಆಗ ನಿನಗೆಷ್ಟು ವಯಸ್ಸು?’ ಎಂದು ಕೇಳಿ ನೋಡಿ.

ಈ ಕತೆಯನ್ನು ಮನೆಯಲ್ಲಿ ಹೇಳಿದಾಗ ನನ್ನ ಮಗಳು ಕೇಳಿದ್ದು ಬೇರೆಯೇ ಪ್ರಶ್ನೆ. ‘ಅಮ್ಮಾ, ನೋಡೋಕೆ ಯಾರೂ ಬರಲ್ಲ ಅಂದ್ರೆ ದುಡ್ಡು ಯಾಕೆ ಹಾಕ್ಬೇಕು?’ ಒಂಬತ್ತು ವರ್ಷದವಳ ಈ ಪ್ರಶ್ನೆಯನ್ನು ಸಂಶೋಧಕರು ನಿಜವಾಗಿಯೂ ಪರೀಕ್ಷಿಸಿದ್ದಾರೆ. ನ್ಯೂಯಾರ್ಕಿನಲ್ಲಿರುವ ವಿದೇಶಿ ರಾಜತಾಂತ್ರಿಕರಿಂದ ಒಂದು ಕಾಲದಲ್ಲಿ ಪಾರ್ಕಿಂಗ್ ದಂಡ ವಸೂಲಿ ಮಾಡಲು ಆಗುತ್ತಿರಲಿಲ್ಲ. 1997ರಿಂದ 2002ರವರೆಗೆ ಅವರು ಕಟ್ಟದೆ ಬಿಟ್ಟ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಆದರೆ ಎಲ್ಲರೂ ಹಾಗೆ ಮಾಡಲಿಲ್ಲ. ಕೆಲವು ದೇಶದವರು ಮನಸ್ಸಿಗೆ ಬಂದಲ್ಲಿ ನಿಲ್ಲಿಸಿದರು. ಸ್ವೀಡನ್, ನಾರ್ವೆಯವರ ಹೆಸರಲ್ಲಿ ಕಟ್ಟದ ಚೀಟಿ ಒಂದೂ ಇರಲಿಲ್ಲ. ಯಾರೂ ಕೇಳುವವರಿಲ್ಲದಾಗಲೂ ಜನ ತಾವು ಬೆಳೆದ ಮನೆಯ, ಊರಿನ ರೂಢಿಯನ್ನು ಜೊತೆಗೇ ಒಯ್ಯುತ್ತಾರೆ. ಹಾಗೆಂದು ದಂಡಕ್ಕೆ ಬೆಲೆಯಿಲ್ಲ ಎಂದೂ ಅಲ್ಲ. 2002ರ ಕೊನೆಯಲ್ಲಿ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಬಂದ ಮೇಲೆ ಇಂಥ ಉಲ್ಲಂಘನೆಗಳು ಶೇ. 98ರಷ್ಟು ಇಳಿದವು.

ಇನ್ನೊಂದು ಅಧ್ಯಯನ ಡೇಕೇರಿಗೆ ಸಂಬಂಧಪಟ್ಟದ್ದು, ಹಾಗಾಗಿ ನಮಗೆಲ್ಲ ಹತ್ತಿರದ್ದು. ಇಸ್ರೇಲಿನ ಹೈಫಾದಲ್ಲಿ ಹತ್ತು ಡೇಕೇರ್‌ಗಳ ಪೈಕಿ ಆರರಲ್ಲಿ, ಮಗುವನ್ನು ತಡವಾಗಿ ಕರೆದೊಯ್ಯುವವರಿಗೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಅಲ್ಲಿಯವರೆಗೆ ‘ಟೀಚರ್ ನಮಗಾಗಿ ಕಾಯುತ್ತಾರಲ್ಲ’ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಅದು ಒಂದು ಸೇವೆಯ ಬೆಲೆಯಂತೆ ಕಂಡಿತು. ದಂಡ ತೆಗೆದ ಮೇಲೂ ಆ ಸಂಕೋಚ ವಾಪಸು ಬರಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನವನ್ನು ‘ತಪ್ಪಿಗೆ ಒಂದು ಡಾಲರ್’ ಎಂಬ ನಿಯಮ ಮನೆಯಲ್ಲಿ ತರುವ ಮುಂಚೆ ಒಮ್ಮೆ ನೆನಪಿಸಿಕೊಳ್ಳಿ.

ದಂಡದ ಬಗ್ಗೆ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ: ಒಂದೇ ಮೊತ್ತ ಎಲ್ಲರಿಗೂ ಒಂದೇ ಭಾರವಲ್ಲ. ಸಾಫ್ಟ್‌ವೇರ್ ಕೆಲಸದವರಿಗೆ ಐವತ್ತು ಡಾಲರ್ ಒಂದು ಗೊಣಗಾಟ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಅರ್ಧ ದಿನದ ಕೂಲಿ. ಕಟ್ಟಲಾಗದಿದ್ದರೆ ಮೊತ್ತ ಏರುತ್ತದೆ. ಇಲಿನಾಯ್‌ನಲ್ಲಿ ಹಿಂದೆ ಪಾರ್ಕಿಂಗ್ ಬಾಕಿ ಬೆಳೆದರೆ ಲೈಸೆನ್ಸೇ ಅಮಾನತಾಗುತ್ತಿತ್ತು. ಲೈಸೆನ್ಸ್ ಇಲ್ಲದೆ ಕೆಲಸಕ್ಕೆ ಹೋಗುವುದು ಹೇಗೆ, ಕೆಲಸವಿಲ್ಲದೆ ಬಾಕಿ ತೀರಿಸುವುದು ಹೇಗೆ? ಆ ಪದ್ಧತಿಯನ್ನು ನಿಲ್ಲಿಸುವ ಕಾನೂನಿಗೆ ಗವರ್ನರ್ ಸಹಿ ಹಾಕಿದ್ದು 2020ರ ಜನವರಿಯಲ್ಲಿ. ಅಂದರೆ ಕೊರೊನಾ ಬರುವ ಮುಂಚೆಯೇ. ಸುಂಕದವನಿಗೆ ಕಿವಿ ಬರಲು ಸಾಂಕ್ರಾಮಿಕವೇ ಆಗಬೇಕೆಂದಿಲ್ಲ, ಜನ ಪಟ್ಟುಹಿಡಿದು ಕೇಳಿದರೂ ಬರುತ್ತದೆ.

ಮಿಶಿಗನ್‌ನ ಸ್ಯಾಗಿನಾ ಎಂಬ ಊರಿನಲ್ಲೂ ಒಬ್ಬ ಮಹಿಳೆ ಹೀಗೇ ಪಟ್ಟುಹಿಡಿದರು. ಹದಿನೈದು ಚೀಟಿ ಸಿಕ್ಕಿದ ಮೇಲೆ, ‘ಕಾರು ಕದಲಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಟೈರಿಗೆ ಸೀಮೆಸುಣ್ಣದ ಗುರುತು ಹಾಕುವುದೇ ಒಂದು ಶೋಧ’ ಎಂದು ಕೋರ್ಟಿಗೆ ಹೋದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೌದು, ಸಂವಿಧಾನದ ಪ್ರಕಾರ ಅದು ಶೋಧವೇ ಎಂದಿತು. ಒಂದು ಗೆರೆ ಸೀಮೆಸುಣ್ಣಕ್ಕೆ ಇಷ್ಟೊಂದು ವಾದವೇ ಎಂದು ಮಕ್ಕಳು ನಗುತ್ತಾರೆ, ಆಮೇಲೆ ತಾವೇ ಎರಡು ಪಕ್ಷವಾಗಿ ವಾದಕ್ಕಿಳಿಯುತ್ತಾರೆ.

ನಾನು ಈ ಕತೆಗಳನ್ನೆಲ್ಲ ಇಲ್ಲಿ ತಂದದ್ದು ಆ ವಾದಕ್ಕಾಗಿಯೇ. ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡ ‘ಹಲ್ಲುಜ್ಜು, ಊಟ ಮಾಡು, ಬೇಗ ಹೊರಡು’ ಎಂಬಲ್ಲಿಗೆ ನಿಂತುಬಿಡುತ್ತದೆ. ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ಯೋಚಿಸುವ ವಯಸ್ಸು ಬಂದಾಗ ಮಗು ಇಂಗ್ಲಿಷಿಗೆ ಜಾರುತ್ತದೆ, ನಾವೂ ಅದರ ಹಿಂದೆಯೇ ಜಾರುತ್ತೇವೆ. ಅಪ್ಪಣೆಗೆ ಮಾತ್ರ ಉಳಿದ ಭಾಷೆಯನ್ನು ಯಾವ ಮಗು ತಾನೆ ಪ್ರೀತಿಸೀತು?

ಮುಂದಿನ ಸಲ ಡೌನ್‌ಟೌನಿಗೆ ಹೋದಾಗ ನಾಲ್ಕು ಪದ ಜೊತೆಗಿರಲಿ. ಬಳಸಿದ್ದಕ್ಕೆ ಕೊಡುವುದು ಶುಲ್ಕ. ತಪ್ಪಿದ್ದಕ್ಕೆ ಕೊಡುವುದು ದಂಡ. ನಿಯಮ ಇದ್ದೂ ಕೆಲವರಿಗೆ ಅಥವಾ ಕೆಲವು ಕಾಲಕ್ಕೆ ಅನ್ವಯಿಸದಿದ್ದರೆ ವಿನಾಯಿತಿ. ಕಟ್ಟಬೇಕಾದದ್ದನ್ನು ಬಿಟ್ಟುಕೊಟ್ಟರೆ ಮನ್ನಾ. ‘ಹೋಗಿದ್ದು ದಂಡ ಆಯ್ತು’ ಅಂದರೆ ವ್ಯರ್ಥವಾಯಿತು ಎಂದೂ ಸೇರಿಸಿ. ಚಿಕ್ಕವರಿಗೆ ಮೊದಲೆರಡು ಸಾಕು. ದೊಡ್ಡವರನ್ನು ಕೇಳಿ: ಆ ವಸಂತದಲ್ಲಿ ಸಿಕ್ಕಿದ್ದು ವಿನಾಯಿತಿಯೋ ಮನ್ನಾವೋ? ಮೇಯರ್ ನೀನಾಗಿದ್ದರೆ ಯಾವ ದಂಡ ಉಳಿಸುತ್ತಿದ್ದೆ, ಯಾವುದನ್ನು ಬಿಡುತ್ತಿದ್ದೆ?

ಉತ್ತರದ ನಡುವೆ ಇಂಗ್ಲಿಷ್ ಪದ ನುಸುಳಿದರೆ ತಡೆಯಬೇಡಿ, ವಾದ ಮುಂದುವರಿಯಲಿ. ಪ್ರತಿ ಇಂಗ್ಲಿಷ್ ಪದಕ್ಕೂ ಚೀಟಿ ಬರೆಯುವ ಸುಂಕದವರು ನಾವಾಗುವುದು ಬೇಡ.